ಫಾರ್ಮ್ಯಾಟ್ ಹೊಡೆಸುವ ಮುನ್ನ

ಮನೆಯ ಕಂಪ್ಯೂಟರಿನಲ್ಲಿ ಮರುಕಳಿಸುವ ಎರರ್‌ಗಳ ಮೂಲ ಹುಡುಕುವ ಬಗೆ

ಹೊಸಮನೆ ಎಂಬ ಬಡಾವಣೆ ಶಿವಮೊಗ್ಗದಲ್ಲೂ ಇದೆ, ಭದ್ರಾವತಿಯಲ್ಲೂ ಇದೆ. ಮನೆಯ ಕಂಪ್ಯೂಟರ್ ಕೈಕೊಟ್ಟರೆ ಸಿಗುವ ಸಲಹೆ ಎರಡೂ ಕಡೆ ಒಂದೇ: "ಫಾರ್ಮ್ಯಾಟ್ ಹೊಡ್ಸಿಬಿಡಿ, ಸರಿಹೋಗುತ್ತೆ." ಸಿಪಿಯು ಡಬ್ಬ ಸ್ಕೂಟರಿನ ಮುಂದೆ ಕೂತು ಅಂಗಡಿಗೆ ಹೋಗುತ್ತದೆ, ಹೊಸ ವಿಂಡೋಸ್ ಹಾಕಿಸಿಕೊಂಡು ವಾಪಸ್ ಬರುತ್ತದೆ. ಕೆಲವು ದಿನ ಲಕಲಕ ಓಡುತ್ತದೆ. ಆಮೇಲೆ ಮತ್ತೆ ಅದೇ ನೀಲಿ ಪರದೆ, ಕೆಲಸದ ನಡುವೆ ತಾನಾಗಿಯೇ ಆಗುವ ಅದೇ ರೀಸ್ಟಾರ್ಟ್.

ಫಾರ್ಮ್ಯಾಟ್‌ನಿಂದ ಹೋಗುವುದು ಸಾಫ್ಟ್‌ವೇರ್ ದೋಷ ಮಾತ್ರ. ಹಳಸಿದ ಹಾರ್ಡ್ ಡಿಸ್ಕಿಗೆ, ಸಡಿಲವಾದ ರ್‍ಯಾಮ್‌ಗೆ, ಸೋತ ಎಸ್‌ಎಂಪಿಎಸ್‌ಗೆ (ಕಂಪ್ಯೂಟರಿನ ಭಾಗಗಳಿಗೆ ಕರೆಂಟ್ ಹಂಚುವ ಡಬ್ಬಿ), ಏರಿಳಿಯುವ ವೋಲ್ಟೇಜ್‌ಗೆ ಅದು ಮದ್ದಲ್ಲ. ಸಾಲದ್ದಕ್ಕೆ, ಯಾವಾಗ ಏನು ಕೆಟ್ಟಿತು ಎಂದು ಕಂಪ್ಯೂಟರ್ ತಾನೇ ಬರೆದಿಟ್ಟುಕೊಂಡ ದಾಖಲೆಯನ್ನೂ ಅದು ಒರೆಸಿಹಾಕುತ್ತದೆ. ಆದ್ದರಿಂದ ಒಮ್ಮೆ ಬಂದು ಹೋದ ಎರರ್‌ನ ಚಿಂತೆ ಬಿಡಿ. ಮತ್ತೆ ಮತ್ತೆ ಬರುವ ಎರರ್‌ಗೆ ಮಾತ್ರ ಫಾರ್ಮ್ಯಾಟ್ ಕೊನೆಯ ಮೆಟ್ಟಿಲಾಗಲಿ.

2024ರ ಜುಲೈ 19ರ ಘಟನೆ ನೆನಪಿರಬಹುದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಉದ್ದ ಸಾಲಿನಲ್ಲಿ ನಿಂತರು. ಆ ಯಂತ್ರಗಳನ್ನು ಎಬ್ಬಿಸಿದ್ದು ಫಾರ್ಮ್ಯಾಟ್ ಅಲ್ಲ. ಸೇಫ್ ಮೋಡ್‌ಗೆ ಹೋಗಿ ಒಂದೇ ಒಂದು ಫೈಲನ್ನು ಅಳಿಸಿದರೆ ಸಾಕಾಗಿತ್ತು. ಕಾರಣ ಗೊತ್ತಿದ್ದುದರಿಂದ ಮದ್ದು ಸಣ್ಣದಾಯಿತು. ಮನೆಯ ಕಂಪ್ಯೂಟರಿಗೂ ಕಾರಣ ಹುಡುಕುವ ಕೆಲಸವೇ ಮೊದಲು.

ಎಲ್ಲಕ್ಕಿಂತ ಮೊದಲು ಫೈಲು ಉಳಿಸಿ

ರಿಪೇರಿಗೆ ಕೈಹಾಕುವ ಮುನ್ನ ಬೇಕಾದ ಫೈಲುಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೋ ಪೆನ್‌ಡ್ರೈವ್‌ಗೋ ಹಾಕಿಕೊಳ್ಳಿ. ದೋಷ ಡಿಸ್ಕಿನದ್ದೇ ಆಗಿದ್ದರೆ, ಅದನ್ನು ಪರೀಕ್ಷಿಸುವ ಕೆಲಸವೇ ಅದರ ಕೊನೆಯ ಕೆಲಸವಾಗಬಹುದು.

"ನಂದೆಲ್ಲಾ ಡಿ ಡ್ರೈವ್‌ನಲ್ಲಿದೆ, ತೊಂದರೆ ಇಲ್ಲ" ಎಂದು ನೆಮ್ಮದಿಯಾಗಿರಬೇಡಿ. ಬಹಳಷ್ಟು ಮನೆಗಳಲ್ಲಿ ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಪಾಲುಗಳು. ಡಿಸ್ಕ್ ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಫೋಲ್ಡರುಗಳು ಸಾಮಾನ್ಯವಾಗಿ ಇರುವುದು ಸಿ ಡ್ರೈವ್‌ನಲ್ಲೇ. ಟ್ಯಾಲಿ ಡೇಟಾ ಫೋಲ್ಡರ್ ಎಲ್ಲಿದೆ, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಯಾವ ಖಾತೆಯಲ್ಲಿವೆ ಎಂಬುದನ್ನೂ ನೋಡಿಟ್ಟುಕೊಳ್ಳಿ.

ಕನ್ನಡದಲ್ಲಿ ಟೈಪ್ ಮಾಡುವವರು ಇನ್ನೊಂದು ವಿಷಯ ಗಮನಿಸಬೇಕು. ಹಳೆಯ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಯೂನಿಕೋಡ್ ಅಲ್ಲದ ಫಾಂಟ್ ಬಳಸಿ ಮಾಡಿದ ಫೈಲು, ಹೊಸ ವಿಂಡೋಸ್ ಹಾಕಿಸಿದ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಂತೆ ತೆರೆದುಕೊಳ್ಳುತ್ತದೆ. ಫೈಲು ಕೆಟ್ಟಿತೆಂದು ಅಳಿಸಬೇಡಿ. ಹೋಗಿರುವುದು ಫಾಂಟ್ ಮಾತ್ರ. ಆ ಫಾಂಟ್ ಮತ್ತೆ ಹಾಕಿದರೆ ಕನ್ನಡ ವಾಪಸ್ ಬರುತ್ತದೆ. ಫೈಲಿನ ಜೊತೆಗೆ ಫಾಂಟನ್ನೂ ನಕಲು ಮಾಡಿಟ್ಟುಕೊಳ್ಳಿ. ಸಾಧ್ಯವಾದರೆ ಮುಖ್ಯ ಬರಹಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ.

ವಿಂಡೋಸ್ 11 ಇರುವ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ತಾನಾಗಿಯೇ ಬಿದ್ದಿರಬಹುದು. ಮದರ್‌ಬೋರ್ಡ್ ಬದಲಿಸಿದರೆ ಅಥವಾ ಬಯಾಸ್ ಸೆಟ್ಟಿಂಗ್ ಮುಟ್ಟಿದರೆ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಮೊಬೈಲಿನಿಂದ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಆ ಕೀ ಅಲ್ಲಿದೆಯೇ ನೋಡಿ, ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಕೀ ಇಲ್ಲದಿದ್ದರೆ ಎಂಥ ನುರಿತ ಟೆಕ್ನೀಷಿಯನ್‌ಗೂ ಆ ಫೈಲುಗಳು ಸಿಗುವುದಿಲ್ಲ.

ಎರರ್ ಬಂದ ಹೊತ್ತನ್ನು ಬರೆದಿಡಿ

ಒಂದು ವಾರ ಹಳೆಯ ನೋಟ್‌ಬುಕ್ಕೊಂದನ್ನು ಕೀಬೋರ್ಡ್ ಪಕ್ಕ ಇಡಿ. ಎರರ್ ಬಂದಾಗಲೆಲ್ಲ ಪರದೆಯ ಫೋಟೋ ತೆಗೆಯಿರಿ. ತಾರೀಖು, ಗಂಟೆ, ಆಗ ಮಾಡುತ್ತಿದ್ದ ಕೆಲಸ, ಮನೆಯಲ್ಲಿ ಏನೇನು ಆನ್ ಆಗಿತ್ತು ಎಂಬುದನ್ನು ಬರೆಯಿರಿ. ವಾರದ ಕೊನೆಗೆ ಓದಿದರೆ ಎಲ್ಲಿ ಹುಡುಕಬೇಕೆಂಬುದು ಬಹುಮಟ್ಟಿಗೆ ಕಾಣುತ್ತದೆ.

- ಮೋಟರ್, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಹಾಕಿದಾಗ, ಲೈಟು ಡಿಮ್ ಆದಾಗ ರೀಸ್ಟಾರ್ಟ್ ಆಗುತ್ತಿದ್ದರೆ: ಕರೆಂಟ್, ಯುಪಿಎಸ್ ಅಥವಾ ಎಸ್‌ಎಂಪಿಎಸ್.
- ಗೇಮ್ ಅಥವಾ ವಿಡಿಯೋ ಎಡಿಟಿಂಗ್ ಶುರುವಾಗಿ ಸ್ವಲ್ಪ ಹೊತ್ತಿಗೆ ಆಫ್ ಆಗುತ್ತಿದ್ದರೆ: ಬಿಸಿ.
- ಪ್ರತಿಸಲವೂ ಬೇರೆ ಬೇರೆ ಎರರ್, ಹೊತ್ತುಗೊತ್ತಿಲ್ಲದೆ ಬರುತ್ತಿದ್ದರೆ: ರ್‍ಯಾಮ್.
- ಫೈಲು ತೆರೆಯಲು ನಿಮಿಷಗಟ್ಟಲೆ, ನಡುನಡುವೆ ಹ್ಯಾಂಗ್, ಒಳಗಿನಿಂದ ಟಿಕ್ ಟಿಕ್ ಸದ್ದು: ಹಾರ್ಡ್ ಡಿಸ್ಕ್.
- ಆನ್ ಮಾಡಿದಾಗೆಲ್ಲ ಹಳೆಯ ತಾರೀಖು: ಮದರ್‌ಬೋರ್ಡಿನ ಬ್ಯಾಟರಿ.
- ಒಂದೇ ಪ್ರೋಗ್ರಾಂನಲ್ಲಿ, ಅಥವಾ ಒಂದು ಅಪ್‌ಡೇಟ್ ಆದ ದಿನದಿಂದ: ಸಾಫ್ಟ್‌ವೇರ್, ಡ್ರೈವರ್.

ನೀಲಿ ಪರದೆ ಎಂದರೆ ಎಂಸಿಬಿ ಟ್ರಿಪ್ ಆದ ಹಾಗೆ. ಇನ್ನೂ ದೊಡ್ಡ ಹಾನಿಯಾಗದಿರಲಿ ಎಂದು ವಿಂಡೋಸ್ ತಾನೇ ನಿಂತುಬಿಡುತ್ತದೆ. 2025ರ ಅಪ್‌ಡೇಟ್‌ನಿಂದೀಚೆಗೆ ವಿಂಡೋಸ್ 11ರಲ್ಲಿ ಈ ಪರದೆ ಕಪ್ಪಾಗಿದೆ, ಕೆಲಸ ಅದೇ. ಅದರ ಕೆಳಗೆ 'ಸ್ಟಾಪ್ ಕೋಡ್' ಎಂಬ ಸಾಲು ಇರುತ್ತದೆ, ಫೋಟೋದಲ್ಲಿ ಮುಖ್ಯವಾಗಿ ಬೇಕಾದದ್ದು ಅದೇ. 'ಮೆಮೊರಿ ಮ್ಯಾನೇಜ್‌ಮೆಂಟ್' ಎಂದಿದ್ದರೆ ರ್‍ಯಾಮ್ ಕಡೆಗೆ, 'ಕರ್ನಲ್ ಡೇಟಾ ಇನ್‌ಪೇಜ್ ಎರರ್' ಅಥವಾ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂದಿದ್ದರೆ ಡಿಸ್ಕ್ ಕಡೆಗೆ, 'ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್' ಎಂದಿದ್ದರೆ ಡ್ರೈವರ್ ಕಡೆಗೆ ಮೊದಲು ನೋಡಬೇಕು. ಒಂದೇ ಕೋಡ್ ನೋಡಿ ತೀರ್ಪು ಕೊಡಬೇಡಿ, ಕೆಟ್ಟ ರ್‍ಯಾಮ್ ಇವೆಲ್ಲವನ್ನೂ ತೋರಿಸಬಲ್ಲದು.

ಕಂಪ್ಯೂಟರ್ ಬರೆದ ಡೈರಿ

ಸ್ಟಾರ್ಟ್ ಬಟನ್ ಒತ್ತಿ, ಇಂಗ್ಲಿಷಿನಲ್ಲಿ 'ರಿಲಯಬಿಲಿಟಿ' ಎಂದು ಟೈಪ್ ಮಾಡಿದರೆ 'ವ್ಯೂ ರಿಲಯಬಿಲಿಟಿ ಹಿಸ್ಟರಿ' ಸಿಗುತ್ತದೆ. ಅಲ್ಲಿ ದಿನಗಳ ಸಾಲಿದೆ. ಎರರ್ ಆದ ದಿನ ಕೆಂಪು ಗುರುತು, ಹೊಸ ಪ್ರೋಗ್ರಾಂ ಅಥವಾ ಅಪ್‌ಡೇಟ್ ಸೇರಿದ ದಿನ ನೀಲಿ ಗುರುತು. ಮೇಲೆ 1ರಿಂದ 10ರವರೆಗಿನ ಅಂಕದ ಗೆರೆ. ಗೆರೆ ಯಾವ ದಿನದಿಂದ ಇಳಿಯಿತು, ಅದರ ಹಿಂದಿನ ದಿನ ಏನು ಸೇರಿತು ಎಂದು ನೋಡಿ. ಗಂಟೆಗಟ್ಟಲೆ ತಡಕಾಡಿದರೂ ಸಿಗದ ಸುಳಿವು ಇಲ್ಲಿ ಒಂದೇ ನೋಟಕ್ಕೆ ಸಿಕ್ಕಿಬಿಡಬಹುದು.

ಇನ್ನೂ ಒಳಗೆ ಹೋಗಬೇಕೆಂದರೆ 'ಈವೆಂಟ್ ವ್ಯೂವರ್' ಇದೆ. ಅಲ್ಲಿ 'ಕರ್ನಲ್ ಪವರ್ 41' ಎಂಬ ಸಾಲು ಪದೇಪದೇ ಇದ್ದರೆ, ಸರಿಯಾಗಿ ಶಟ್‌ಡೌನ್ ಆಗದೆಯೇ ಯಂತ್ರ ಮತ್ತೆ ಆನ್ ಆಗಿದೆ ಎಂದರ್ಥ. ಅದರ ವಿವರದಲ್ಲಿ 'ಬಗ್‌ಚೆಕ್ ಕೋಡ್' ಸೊನ್ನೆ ಇದ್ದರೆ, ನೀಲಿ ಪರದೆ ದಾಖಲಿಸಲೂ ಪುರುಸೊತ್ತಿಲ್ಲದಂತೆ ಕರೆಂಟ್ ಕಡಿದಿದೆ ಅಥವಾ ಯಂತ್ರ ಪೂರ್ತಿ ಸ್ತಬ್ಧವಾಗಿದೆ. ಉಳಿದ ಕೆಂಪು, ಹಳದಿ ಸಾಲುಗಳನ್ನು ಕಂಡು ಗಾಬರಿಯಾಗಬೇಡಿ. ಆರೋಗ್ಯವಾಗಿರುವ ಕಂಪ್ಯೂಟರಿನಲ್ಲೂ ಅವು ರಾಶಿ ಇರುತ್ತವೆ.

ಮೊದಲ ಶಂಕೆ ಕರೆಂಟಿನ ಮೇಲಿರಲಿ

ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ, ಆಮೇಲೆ ಜೂನ್‌ನಿಂದ ಶುರುವಾಗುವ ಮುಂಗಾರು. ಗಾಳಿಗೆ ಕೊಂಬೆ ತಂತಿಗೆ ತಾಗಿದರೆ ಲೈಟು ಒಮ್ಮೆ ಮಿಣುಕುತ್ತದೆ. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ, ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಅಷ್ಟೇ ಸಾಕು. ಡಿಸ್ಕಿಗೆ ಬರೆಯುತ್ತಿದ್ದಾಗ ಹೀಗಾದರೆ ಫೈಲು ಅರ್ಧಕ್ಕೆ ನಿಲ್ಲುತ್ತದೆ. ನಾಳೆ ಅದು 'ವಿಂಡೋಸ್ ಎರರ್' ಆಗಿ ಕಾಣಿಸುತ್ತದೆ. ಫಾರ್ಮ್ಯಾಟ್ ಹೊಡೆಸುತ್ತೀರಿ, ಮತ್ತೊಮ್ಮೆ ಲೈಟು ಮಿಣುಕುತ್ತದೆ, ಕಥೆ ಮೊದಲಿನಿಂದ ಶುರು.

ಯುಪಿಎಸ್ ಇದೆ ಎಂದ ಮಾತ್ರಕ್ಕೆ ರಕ್ಷಣೆ ಇದೆ ಎಂದಲ್ಲ. ಅದರೊಳಗಿನ ಬ್ಯಾಟರಿ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಎಲ್ಲ ಫೈಲು ಮುಚ್ಚಿ, ಯುಪಿಎಸ್‌ನ ಗೋಡೆಯ ಸ್ವಿಚ್ ಆಫ್ ಮಾಡಿ ನೋಡಿ. ಕಂಪ್ಯೂಟರ್ ತಕ್ಷಣ ಆರಿದರೆ ಆ ಯುಪಿಎಸ್ ಬರೀ ಭಾರ. ಇನ್ವರ್ಟರ್ ಲೈನಿನಲ್ಲಿ ಕಂಪ್ಯೂಟರ್ ಇದ್ದರೆ ಅದರ ಹಿಂದೆ 'ಯುಪಿಎಸ್ ಮೋಡ್' ಸ್ವಿಚ್ ಇದೆಯೇ ನೋಡಿ. ಸಾಮಾನ್ಯ ಮೋಡ್‌ನಲ್ಲಿ ಕರೆಂಟ್ ಬದಲಾಗುವ ಆ ಕ್ಷಣದ ಅಂತರ ಕಂಪ್ಯೂಟರಿಗೆ ಹೆಚ್ಚಾಗಬಹುದು. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಬೇಡಿ. ಅದು ಬಿಸಿಯಾಗುವಾಗ ಎಳೆಯುವ ಕರೆಂಟಿಗೆ ಸಣ್ಣ ಯುಪಿಎಸ್ ಕುಸಿಯುತ್ತದೆ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತಿದ್ದರೆ ಅರ್ಥಿಂಗ್ ಸರಿಯಿಲ್ಲ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಕನ್ವರ್ಟರ್ ಹಾಕಿದ್ದೀರಾ ನೋಡಿ. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಇದು ಕಂಪ್ಯೂಟರಿಗಿಂತ ಮೊದಲು ಮನುಷ್ಯರ ಸುರಕ್ಷತೆಯ ವಿಷಯ. ನಮ್ಮ ಲೈನಿನ ವೋಲ್ಟೇಜ್ 230ರ ಆಸುಪಾಸು ಇರಬೇಕು. ಇಡೀ ಬೀದಿಯಲ್ಲೇ ಸಂಜೆ ಬಲ್ಬು ಮಂಕಾಗುತ್ತಿದ್ದರೆ ವಿದ್ಯುತ್ ಕಂಪನಿ ಮೆಸ್ಕಾಂನ 1912ಕ್ಕೆ ದೂರು ಕೊಡಿ. ಸಿಡಿಲಿನ ಹೊತ್ತಿನಲ್ಲಿ ಪವರ್ ಪ್ಲಗ್ ಕೀಳುವ ಅಭ್ಯಾಸ ಬಹಳ ಜನರಿಗಿದೆ. ಅದನ್ನು ಗುಡುಗು ಹತ್ತಿರವಾಗುವ ಮುನ್ನವೇ ಮಾಡಿ, ಇಂಟರ್ನೆಟ್ಟಿನ ತಾಮ್ರದ ಕೇಬಲ್ಲನ್ನೂ ಕಿತ್ತಿಡಿ. ಸಿಡಿಲಿನ ಹೊಡೆತ ಆ ದಾರಿಯಲ್ಲೂ ಬರುತ್ತದೆ.

ದೋಷ ಕರೆಂಟಿನದ್ದೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಸಿಪಿಯುವನ್ನು ಬೇರೆ ಬಡಾವಣೆಯ ನೆಂಟರ ಮನೆಯಲ್ಲಿ ಎರಡು ದಿನ ಓಡಿಸಿ. ಅಲ್ಲಿ ಸುಮ್ಮನಿದ್ದದ್ದು ಇಲ್ಲಿ ಮಾತ್ರ ಕೈಕೊಟ್ಟರೆ ದೋಷ ನಿಮ್ಮ ಮನೆಯ ಕರೆಂಟಿನಲ್ಲಿದೆ. ಅದೇ ಪ್ಲಗ್ಗಿಗೆ ಲ್ಯಾಪ್‌ಟಾಪ್ ಹಾಕಿ ಪರೀಕ್ಷಿಸುವುದರಿಂದ ಪ್ರಯೋಜನವಿಲ್ಲ, ಅದರ ಬ್ಯಾಟರಿ ಎಲ್ಲ ಏರಿಳಿತವನ್ನೂ ನುಂಗಿಕೊಳ್ಳುತ್ತದೆ. ಎರಡೂ ಕಡೆ ಆರುತ್ತಿದ್ದರೆ ಎಸ್‌ಎಂಪಿಎಸ್ ಮೇಲೆ ಅನುಮಾನ. ಅದನ್ನು ಬದಲಿಸಬೇಕೇ ಹೊರತು ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಧೂಳು, ಥಂಡಿ, ಇರುವೆ

ಬೇಸಿಗೆಯ ಕೆಂಧೂಳು ಫ್ಯಾನಿನ ರೆಕ್ಕೆಗಳ ಮೇಲೆ ಕೂರುತ್ತದೆ, ಮಳೆಗಾಲದ ಥಂಡಿ ಅದನ್ನು ಅಂಟಿಸುತ್ತದೆ. ಬೆಚ್ಚಗಿನ ಡಬ್ಬ ಎಂದು ಇರುವೆ, ಹಲ್ಲಿಗಳೂ ಬಂದು ಸೇರುತ್ತವೆ. ವರ್ಷಕ್ಕೆರಡು ಸಲ, ಮಳೆಗಾಲದ ಮುಂಚೆ ಮತ್ತು ನಂತರ, ಡೆಸ್ಕ್‌ಟಾಪಿನ ಕ್ಯಾಬಿನೆಟ್ ತೆರೆದು ಸ್ವಚ್ಛ ಮಾಡುವುದು ಒಳ್ಳೆಯದು.

ಮೊದಲು ಪ್ಲಗ್ ಕೀಳಿ. ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಉಳಿದ ವಿದ್ಯುತ್ ಬರಿದು ಮಾಡಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿಕೊಳ್ಳಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ತಡೆಹಿಡಿಯಿರಿ. ಒದ್ದೆ ಬಟ್ಟೆ ಬೇಡ. ತಿಂಗಳುಗಟ್ಟಲೆ ಮುಟ್ಟದೆ ಇಟ್ಟ ಕಂಪ್ಯೂಟರನ್ನು ಮಳೆಗಾಲದ ನಡುವೆ ಒಮ್ಮೆಲೇ ಆನ್ ಮಾಡದೆ, ಒಣಗಿದ ಕೋಣೆಯಲ್ಲಿ ಒಂದು ದಿನ ಬಿಟ್ಟು ಆಮೇಲೆ ಹಾಕಿ.

ಇದೇ ಹೊತ್ತಿಗೆ ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿಯನ್ನೂ ನೋಡಿ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದು 3 ವೋಲ್ಟಿನ ಸಿಆರ್ 2032, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಅದು ಸತ್ತರೆ ತಾರೀಖು ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದರೆ ಬ್ಯಾಂಕಿನ ವೆಬ್‌ಸೈಟಿನಿಂದ ಹಿಡಿದು ಎಲ್ಲವೂ 'ಸುರಕ್ಷಿತವಲ್ಲ' ಎಂದು ತಡೆಯುತ್ತವೆ. ಇಂಟರ್ನೆಟ್ ಕೆಟ್ಟಿದೆ, ವೈರಸ್ ಬಂದಿದೆ ಎಂದು ದುಡ್ಡು ಸುರಿಯುವ ಮುನ್ನ ಪರದೆಯ ಮೂಲೆಯ ಗಡಿಯಾರ ನೋಡಿ.

ರ್‍ಯಾಮ್ ಮತ್ತು ಡಿಸ್ಕ್

ರ್‍ಯಾಮ್ ಪಟ್ಟಿಯನ್ನು ತೆಗೆದು, ಅದರ ಹೊಂಬಣ್ಣದ ಅಂಚನ್ನು ಮೃದುವಾದ ಬಿಳಿ ರಬ್ಬರಿನಿಂದ ಹಗುರವಾಗಿ ಒರೆಸಿ, ರಬ್ಬರಿನ ಪುಡಿ ಕೊಡವಿ, ಎರಡೂ ಬದಿಯ ಕೊಕ್ಕೆ 'ಟಕ್' ಎನ್ನುವವರೆಗೆ ಒತ್ತಿ ಕೂರಿಸಿ. ಥಂಡಿಯ ಊರುಗಳಲ್ಲಿ ಇಷ್ಟಕ್ಕೇ ಸರಿಹೋಗುವ ಕಂಪ್ಯೂಟರ್‌ಗಳು ಕಡಿಮೆಯಲ್ಲ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ಕೆಲವು ದಿನ ಓಡಿಸಿದರೆ ಕೆಟ್ಟದ್ದು ಯಾವುದೆಂದು ತಾನೇ ಗೊತ್ತಾಗುತ್ತದೆ. ವಿಂಡೋಸ್‌ನಲ್ಲೇ 'ಮೆಮೊರಿ ಡಯಾಗ್ನಾಸ್ಟಿಕ್' ಎಂಬ ಪರೀಕ್ಷೆಯಿದೆ. ಇನ್ನೂ ಕಟ್ಟುನಿಟ್ಟಾಗಿ ನೋಡಬೇಕೆಂದರೆ 'ಮೆಮ್‌ಟೆಸ್ಟ್ 86' ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿ. ಇಲ್ಲಿ ಪಾಸಾಗಲು ಒಂದೂ ತಪ್ಪು ಇರಬಾರದು.

ಡಿಸ್ಕಿನ ಆರೋಗ್ಯ ನೋಡಲು 'ಕ್ರಿಸ್ಟಲ್ ಡಿಸ್ಕ್ ಇನ್ಫೋ' ಎಂಬ ಉಚಿತ ಪ್ರೋಗ್ರಾಂ ಇದೆ. ಅದು 'ಗುಡ್', 'ಕಾಶನ್', 'ಬ್ಯಾಡ್' ಎಂದು ಒಂದೇ ಪದದಲ್ಲಿ ಹೇಳುತ್ತದೆ. 'ರೀಅಲೊಕೇಟೆಡ್' ಅಥವಾ 'ಪೆಂಡಿಂಗ್ ಸೆಕ್ಟರ್' ಸಂಖ್ಯೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕ್ ಬದಲಿಸುವ ಕಾಲ ಬಂದಿದೆ, ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಅದು ಗುಣವಾಗದು. 'ಸಿಆರ್‌ಸಿ ಎರರ್' ಮಾತ್ರ ಏರುತ್ತಿದ್ದರೆ ಡಿಸ್ಕಿಗಿಂತ ಕೇಬಲ್ ಮೇಲೆ ಅನುಮಾನ ಪಡಿ, ಅದನ್ನು ಬದಲಿಸಿದರೆ ಕಡಿಮೆ ಖರ್ಚಿನಲ್ಲಿ ಮುಗಿಯಬಹುದು. 'ಚೆಕ್ ಡಿಸ್ಕ್' ಓಡಿಸುವುದು ಫೈಲು ಉಳಿಸಿಕೊಂಡ ಮೇಲೆ ಮಾತ್ರ.

ಕೊನೆಗೆ ಸಾಫ್ಟ್‌ವೇರ್

ಇಷ್ಟೆಲ್ಲ ಸರಿಯಿದ್ದರೆ ಆಗ ವಿಂಡೋಸ್ ಕಡೆ ತಿರುಗಿ. ಶಿಫ್ಟ್ ಕೀ ಒತ್ತಿಕೊಂಡೇ 'ರೀಸ್ಟಾರ್ಟ್' ಕ್ಲಿಕ್ ಮಾಡಿ. 'ಟ್ರಬಲ್‌ಶೂಟ್', 'ಅಡ್ವಾನ್ಸ್‌ಡ್ ಆಪ್ಷನ್ಸ್', 'ಸ್ಟಾರ್ಟಪ್ ಸೆಟ್ಟಿಂಗ್ಸ್' ದಾರಿಯಲ್ಲಿ ಹೋಗಿ ರೀಸ್ಟಾರ್ಟ್ ಕೊಟ್ಟು 4 ಒತ್ತಿದರೆ ಸೇಫ್ ಮೋಡ್. ಇಲ್ಲಿ ಅತ್ಯಗತ್ಯ ಡ್ರೈವರ್‌ಗಳು ಮಾತ್ರ ಓಡುತ್ತವೆ. ಸೇಫ್ ಮೋಡ್‌ನಲ್ಲಿ ಎರರ್ ಬಾರದಿದ್ದರೆ ಹೊರಗಿನಿಂದ ಸೇರಿದ ಯಾವುದೋ ಪ್ರೋಗ್ರಾಂ ಅಥವಾ ಡ್ರೈವರ್ ಕಾರಣ. ರಿಲಯಬಿಲಿಟಿ ಪಟ್ಟಿಯಲ್ಲಿ ಕಂಡ ತಾರೀಖಿನ ಪ್ರೋಗ್ರಾಂ ತೆಗೆಯಿರಿ, ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವರನ್ನು ಹಿಂದಿನದಕ್ಕೆ ಇಳಿಸಿ. ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. ಸಿ ಡ್ರೈವ್ ತುಂಬಿ ತುಳುಕುತ್ತಿದ್ದರೆ ಕನಿಷ್ಠ 20 ಜಿಬಿ ಖಾಲಿ ಮಾಡಿ. ಕ್ರ್ಯಾಕ್ ಮಾಡಿದ ವಿಂಡೋಸ್ ಆದರೆ ಅಪ್‌ಡೇಟ್ ಎರರ್‌ಗೆ ಆ ಕ್ರ್ಯಾಕೇ ಕಾರಣವಾಗಿರಬಹುದು.

ವಿಂಡೋಸ್‌ನ ಸ್ವಂತ ಫೈಲುಗಳು ಕೆಟ್ಟಿದ್ದರೆ ಎರಡು ಆಜ್ಞೆಗಳಿವೆ. 'ಕಮಾಂಡ್ ಪ್ರಾಂಪ್ಟ್' ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಹೊಡೆಯಿರಿ.

1. ಡಿಐಎಸ್‌ಎಂ, ಸ್ಪೇಸ್, ಸ್ಲ್ಯಾಶ್ ಆನ್‌ಲೈನ್, ಸ್ಪೇಸ್, ಸ್ಲ್ಯಾಶ್ ಕ್ಲೀನಪ್ ಹೈಫನ್ ಇಮೇಜ್, ಸ್ಪೇಸ್, ಸ್ಲ್ಯಾಶ್ ರೀಸ್ಟೋರ್‌ಹೆಲ್ತ್. ಇದಕ್ಕೆ ಇಂಟರ್ನೆಟ್ ಬೇಕು.
2. ಅದು ಮುಗಿದ ಮೇಲೆ ಎಸ್‌ಎಫ್‌ಸಿ, ಸ್ಪೇಸ್, ಸ್ಲ್ಯಾಶ್ ಸ್ಕ್ಯಾನ್‌ನೌ. ಕೊನೆಯ ಎರಡು ಪದ ಕೂಡಿಸಿ ಬರೆಯಬೇಕು.

ಇದಕ್ಕೂ ಬಗ್ಗದಿದ್ದರೆ ಇನ್ನೊಂದು ದಾರಿ. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ 'ಸಿಸ್ಟಮ್', 'ರಿಕವರಿ' ಒಳಗೆ 'ಫಿಕ್ಸ್ ಪ್ರಾಬ್ಲಮ್ಸ್ ಯೂಸಿಂಗ್ ವಿಂಡೋಸ್ ಅಪ್‌ಡೇಟ್' ಎಂಬ ಆಯ್ಕೆ ಇದ್ದರೆ, ಅದು ನಿಮ್ಮ ಫೈಲು, ಪ್ರೋಗ್ರಾಂಗಳನ್ನು ಹಾಗೇ ಉಳಿಸಿ ವಿಂಡೋಸ್ ಒಂದನ್ನೇ ಮತ್ತೆ ಸ್ಥಾಪಿಸುತ್ತದೆ. ಫಾರ್ಮ್ಯಾಟ್‌ನಿಂದ ಬಯಸುವುದರಲ್ಲಿ ಬಹುಪಾಲು ಇಲ್ಲೇ ಸಿಗುತ್ತದೆ.

ವಿಂಡೋಸ್ 10 ಇಟ್ಟುಕೊಂಡವರು ಗಮನಿಸಿ: ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಹಳೆಯ ಪ್ರೊಸೆಸರ್‌ಗಳಿಗೆ ಅದರ ಅಧಿಕೃತ ಬೆಂಬಲವಿಲ್ಲ. ಅಂಥ ಯಂತ್ರಕ್ಕೆ ಅಡ್ಡದಾರಿಯಲ್ಲಿ 11 ಹಾಕಿಸಿದರೆ ಮುಂದಿನ ಎರರ್‌ಗಳ ಹೊಣೆ ನಿಮ್ಮದೇ. ಬ್ರೌಸಿಂಗ್, ಟೈಪಿಂಗ್ ಅಷ್ಟೇ ಸಾಕಾದವರಿಗೆ ಲಿನಕ್ಸ್ ಒಳ್ಳೆಯ ದಾರಿ.

ಫೋನ್ ನಂಬರ್ ತೋರಿಸುವ ಎರರ್

ಪರದೆ ತುಂಬ ಎಚ್ಚರಿಕೆ, ಕಿವಿಗಡಚಿಕ್ಕುವ ಸೈರನ್, "ಈ ನಂಬರಿಗೆ ಕರೆ ಮಾಡಿ" ಎಂಬ ಸೂಚನೆ ಬಂದರೆ ಅದು ಎರರ್ ಅಲ್ಲ, ವಂಚನೆ. ಮೈಕ್ರೋಸಾಫ್ಟ್ ತನ್ನ ಎರರ್ ಸಂದೇಶಗಳಲ್ಲಿ ಫೋನ್ ನಂಬರ್ ಕೊಡುವುದಿಲ್ಲ. ಕರೆ ಮಾಡಿದರೆ ಎನಿಡೆಸ್ಕ್‌ನಂಥ ಪ್ರೋಗ್ರಾಂ ಹಾಕಿಸಿ, ಈವೆಂಟ್ ವ್ಯೂವರ್ ತೆರೆದು, ಎಲ್ಲ ಕಂಪ್ಯೂಟರಿನಲ್ಲೂ ಇರುವ ಆ ಕೆಂಪು ಸಾಲುಗಳನ್ನೇ ತೋರಿಸಿ ಹೆದರಿಸುತ್ತಾರೆ. ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಅಂಗಡಿಗೆ ಹೋಗುವಾಗ

ಶಿವಮೊಗ್ಗದ ದುರ್ಗಿಗುಡಿಗೋ ನೆಹರೂ ರಸ್ತೆಗೋ ಒಯ್ಯಲೇಬೇಕಾದರೆ ಬರಿಗೈಲಿ ಹೋಗಬೇಡಿ. ಒಂದು ವಾರದ ನೋಟ್‌ಬುಕ್, ಸ್ಟಾಪ್ ಕೋಡಿನ ಫೋಟೋ, ಡಿಸ್ಕ್ ಆರೋಗ್ಯದ ಚಿತ್ರ ಜೊತೆಗಿರಲಿ. "ಹ್ಯಾಂಗ್ ಆಗುತ್ತೆ, ನೋಡಿ" ಎಂದರೆ ಫಾರ್ಮ್ಯಾಟ್ ಸಿಗುತ್ತದೆ. "ಮೋಟರ್ ಹಾಕಿದಾಗ ರೀಸ್ಟಾರ್ಟ್ ಆಗುತ್ತೆ, ನೀಲಿ ಪರದೆ ಬರಲ್ಲ, ಡಿಸ್ಕ್ ಗುಡ್ ಇದೆ" ಎಂದರೆ ರಿಪೇರಿಯವರ ಕೈ ನೇರವಾಗಿ ಎಸ್‌ಎಂಪಿಎಸ್ ಕಡೆಗೆ ಹೋಗುತ್ತದೆ. ಅವರಿಗೂ ಸಮಯ ಉಳಿಯುತ್ತದೆ, ನಿಮಗೂ ದುಡ್ಡು ಉಳಿಯುತ್ತದೆ.

ರಸೀದಿಯ ಮೇಲೆ 'ಕೇಳದೆ ಫಾರ್ಮ್ಯಾಟ್ ಮಾಡಬಾರದು' ಎಂದು ಬರೆಸಿ. ಡಿಸ್ಕ್ ಮತ್ತು ರ್‍ಯಾಮ್‌ನ ಮಾಡೆಲ್, ಸೀರಿಯಲ್ ನಂಬರ್ ಫೋಟೋ ತೆಗೆದಿಟ್ಟುಕೊಳ್ಳಿ. ಬದಲಿಸಿದ ಹಳೆಯ ಭಾಗವನ್ನು ವಾಪಸ್ ಕೇಳಿ. ಬ್ರೌಸರಿನಲ್ಲಿರುವ ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಮೊದಲೇ ತೆಗೆಯಿರಿ.

ಎಲ್ಲ ಪರೀಕ್ಷೆ ಮುಗಿದು, ಹಾರ್ಡ್‌ವೇರ್ ಪಾಸಾಗಿ, ವಿಂಡೋಸ್ ಮಾತ್ರ ಹಟ ಹಿಡಿದಿದ್ದರೆ, ಅಥವಾ ವೈರಸ್ ಆಳಕ್ಕೆ ಇಳಿದಿದ್ದರೆ, ಧೈರ್ಯವಾಗಿ ಫಾರ್ಮ್ಯಾಟ್ ಹೊಡೆಸಿ. ಆಮೇಲೆ ಎಲ್ಲ ಪ್ರೋಗ್ರಾಂಗಳನ್ನೂ ಒಂದೇ ದಿನ ತುಂಬಬೇಡಿ. ವಿಂಡೋಸ್ ಮತ್ತು ಅದರ ಅಪ್‌ಡೇಟ್‌ಗಳನ್ನಷ್ಟೇ ಹಾಕಿ ಒಂದೆರಡು ದಿನ ಓಡಿಸಿ. ಬೇರೇನೂ ಸೇರದ ಆ ವಿಂಡೋಸ್‌ನಲ್ಲೂ ಹಳೆಯ ಎರರ್ ಬಂದರೆ ದೋಷ ಬಹುಮಟ್ಟಿಗೆ ಹಾರ್ಡ್‌ವೇರಿನದ್ದು ಅಥವಾ ಕರೆಂಟಿನದ್ದು. ಆಗ ಎರಡನೇ ಫಾರ್ಮ್ಯಾಟ್‌ಗೆ ಯಾರೇ ಹೇಳಿದರೂ ಒಪ್ಪಬೇಡಿ.